ಹೊಸ ವಿಚಾರಕ್ಕೆ ತಕ್ಕ ಮನ್ನಣೆ

(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ಹೋಟೆಲು ನಡೆಸುವವರಿದ್ದೀರಿ, ಅಂಗಡಿ ಇಟ್ಟವರಿದ್ದೀರಿ. ಕಾರಖಾನೆ, ಬ್ಯಾಂಕು, ಕಚೇರಿಗಳಲ್ಲಿ ದುಡಿಯುವವರೂ ಇದ್ದೀರಿ. ಧಣಿಗೂ ದುಡಿಯುವವನಿಗೂ ಸಮನಾಗಿ ಸಂಬಂಧಿಸಿದ ಒಂದು ಮಾತನ್ನು ನಿಮ್ಮ ಮುಂದಿಡುತ್ತೇನೆ. ವ್ಯವಹಾರವನ್ನು ಉತ್ತಮಪಡಿಸುವ ಹೊಸ ವಿಚಾರ ಎಲ್ಲಿಂದ ಬರುತ್ತದೆ, ಬಂದಾಗ ಅದನ್ನು ಹೇಗೆ ಆದರಿಸಬೇಕು ಎಂಬುದೇ ಆ ಮಾತು.

ಗಲ್ಲೆಯ ಮೇಲೆ ಕುಳಿತ ಧಣಿಗೆ ಎಷ್ಟು ಪ್ಲೇಟು ಉಪ್ಪಿಟ್ಟು ಮಾರಿತೆಂಬ ಲೆಕ್ಕ ಗೊತ್ತು. ಎಷ್ಟು ಪ್ಲೇಟುಗಳಲ್ಲಿ ಅರ್ಧ ಉಪ್ಪಿಟ್ಟು ಹಾಗೆಯೇ ಉಳಿದು ಬಂತೆಂಬುದು ಮಾತ್ರ ತಟ್ಟೆ ತೊಳೆಯುವವನಿಗೇ ಗೊತ್ತು. ಕೆಲಸದ ಕುಂದುಕೊರತೆ ಮೊದಲು ತಿಳಿಯುವುದು ಕೆಲಸ ಮಾಡುವ ಕೈಗೆ. ಅವನನ್ನು ಕೇಳುವವರೇ ಇಲ್ಲದಿದ್ದರೆ ಆ ತಿಳಿವಳಿಕೆ ತಟ್ಟೆ ತೊಳೆದ ನೀರಿನೊಡನೆ ಮೋರಿಗೆ ಹೋಗುತ್ತದೆ.

ಇದನ್ನು ಬಹಳ ಹಿಂದೆಯೇ ಅರಿತವರುಂಟು. ಸ್ಕಾಟ್ಲೆಂಡಿನ ಡಂಬಾರ್ಟನ್ನಿನಲ್ಲಿ ಹಡಗು ಕಟ್ಟುತ್ತಿದ್ದ ವಿಲಿಯಂ ಡೆನ್ನಿಯವರು 1880ರಲ್ಲಿ ಕೆಲಸಗಾರರ ಹೊಸ ಸೂಚನೆಗಳಿಗೆ ಬಹುಮಾನ ಕೊಡುವ ಪದ್ಧತಿಯನ್ನು ಆರಂಭಿಸಿದರು. ಅಮೆರಿಕೆಯ ಕೊಡಾಕ್ ಕಂಪನಿ 1898ರಲ್ಲಿ ಅದೇ ದಾರಿ ಹಿಡಿಯಿತು. ಅಲ್ಲಿ ಮೊದಲ ಬಹುಮಾನ ಪಡೆದ ಸೂಚನೆ ಯಾವುದು ಬಲ್ಲಿರಾ? ಕಿಟಕಿಗಳನ್ನು ತೊಳೆಸಿದರೆ ಕೆಲಸದ ಜಾಗಕ್ಕೆ ಬೆಳಕು ಹೆಚ್ಚುತ್ತದೆ ಎಂಬುದು! ಬಹುಮಾನ ಎರಡು ಡಾಲರು. ಜಪಾನಿನ ಟೊಯೋಟ ಕಂಪನಿಯವರು ಅಮೆರಿಕೆಯ ಫೋರ್ಡ್ ಕಾರಖಾನೆಯಲ್ಲಿ ಇಂಥ ಪದ್ಧತಿಯನ್ನು ಕಂಡು ಬಂದು, 1951ರಲ್ಲಿ ತಮ್ಮಲ್ಲಿ ಜಾರಿಗೆ ತಂದರು. ನಮ್ಮ ಜಮಶೇಡ್‌ಪುರದ ಟಾಟಾ ಉಕ್ಕಿನ ಕಾರಖಾನೆಯಲ್ಲೂ 1930ರ ದಶಕದಲ್ಲೇ ಸೂಚನೆಯ ಪೆಟ್ಟಿಗೆ ಬಂದಿತ್ತು.

ಆದರೆ ಗೋಡೆಗೆ ಪೆಟ್ಟಿಗೆ ತೂಗಹಾಕಿದ ಮಾತ್ರಕ್ಕೆ ಕೆಲಸವಾಯಿತೆ? ಎಷ್ಟೋ ಕಡೆ ಅದರ ಬೀಗಕ್ಕೆ ತುಕ್ಕು ಹಿಡಿದಿರುತ್ತದೆ. ಪೆಟ್ಟಿಗೆ ಬದುಕಬೇಕಾದರೆ ಮೂರು ಸಂಗತಿಗಳು ಅಗತ್ಯ.

ಮೊದಲನೆಯದು ಉತ್ತರ. ಹದಿನೈದು ದಿನಗಳೊಳಗೆ, ಒಪ್ಪಿದರೆ ಒಪ್ಪಿದೆವೆಂದೂ ಒಪ್ಪದಿದ್ದರೆ ಏಕೆಂದೂ ತಿಳಿಸಬೇಕು. ಕಾರಣ ತಿಳಿದವನು ಮರಳಿ ಬರೆಯುತ್ತಾನೆ. ಉತ್ತರವೇ ಬಾರದವನು ಇನ್ನೊಮ್ಮೆ ಬಾಯಿ ಬಿಡುವುದಿಲ್ಲ.

ಎರಡನೆಯದು ಹೆಸರು. ಗುಮಾಸ್ತನ ವಿಚಾರವನ್ನು ಮೇಲಿನವನು ತನ್ನದೆಂದು ಹೇಳಿ ಬಡ್ತಿ ಪಡೆದರೆ, ಆ ಕಚೇರಿಯಲ್ಲಿ ಹೊಸ ವಿಚಾರ ಅಂದಿಗೇ ಸತ್ತಂತೆ. ಬಹುಮಾನ ನೂರು ರೂಪಾಯಿಯಾದರೂ ಸರಿ, ಎಲ್ಲರೆದುರು ಅವನ ಹೆಸರು ಹೇಳಿ ಕೊಡಬೇಕು. ಉಳಿತಾಯ ದೊಡ್ಡದಾದರೆ ಅದರಲ್ಲಿ ಅವನಿಗೂ ನ್ಯಾಯವಾದ ಪಾಲು ಸಲ್ಲಬೇಕು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಅಭಯ. ನಾಲ್ವರ ಕೆಲಸವನ್ನು ಮೂವರೇ ಮಾಡಬಹುದೆಂದು ತೋರಿಸಿಕೊಟ್ಟವನಿಗೆ, ನಾಲ್ಕನೆಯವನ ಮನೆಯ ಒಲೆ ಆರಿತು ಎಂಬ ಸುದ್ದಿ ಬಹುಮಾನವಾಗಬಾರದು. ಉಳಿದ ಆಳಿಗೆ ಬೇರೆ ಕೆಲಸ ಕೊಡುತ್ತೇವೆ, ಯಾರನ್ನೂ ತೆಗೆಯುವುದಿಲ್ಲವೆಂದು ಧಣಿ ಮೊದಲೇ ಮಾತು ಕೊಟ್ಟು ಅದರಂತೆ ನಡೆಯಬೇಕು. ಆ ಭರವಸೆಯಿಲ್ಲದ ಕಡೆ ಬುದ್ಧಿವಂತನು ಸುಮ್ಮನಿರುತ್ತಾನೆ. ಅದು ಸೋಮಾರಿತನವಲ್ಲ, ಜೊತೆಗಾರನ ಮೇಲಿನ ಮಮತೆ.

ದುಡಿಯುವ ಮಿತ್ರರಿಗೂ ಒಂದು ಮಾತು. ಬರೀ ದೂರು ಸೂಚನೆಯಾಗದು. ಏನು ಕೆಟ್ಟಿದೆ, ಹೇಗೆ ಸರಿಪಡಿಸಬಹುದು, ಎಷ್ಟು ಖರ್ಚಾದೀತು ಎಂಬ ಮೂರನ್ನೂ ಬರೆಯಿರಿ. ಹೊಗಳಿಕೆಯ ಪೀಠಿಕೆ ಬೇಡ. ನಾಲ್ಕು ಸಾಲು ಸಾಕು.

ದೊಡ್ಡ ಕಾರಖಾನೆಗೆ ಮಾತ್ರ ಸಲ್ಲುವ ವಿಷಯ ಇದಲ್ಲ. ಐದು ಜನರಿರುವ ಹೋಟೆಲಿಗೆ ಪೆಟ್ಟಿಗೆಯೂ ಬೇಡ. ವಾರಕ್ಕೊಮ್ಮೆ ಬಾಗಿಲು ಹಾಕಿದ ಮೇಲೆ ಎಲ್ಲರೊಡನೆ ಕಾಫಿಗೆ ಕುಳಿತು, "ನಿನಗೇನು ತೋರುತ್ತದಪ್ಪ?" ಎಂದು ತಟ್ಟೆ ತೊಳೆಯುವವನನ್ನೇ ಮೊದಲು ಕೇಳಿ. ಕೇಳಿದ ಮೇಲೆ, ಅವನು ಹೇಳಿ ಮುಗಿಸುವ ತನಕ ಸುಮ್ಮನಿರಿ.