ಬೃಹನ್ನಳೆಯ ವೇಷದ ಡೈನಮೊ

ಮೋಟಾರಿನ ವಿಷಯ ಮಾತನಾಡಲು ಕನ್ನಡ ಪಂಡಿತನಿಗೇನು ಅಧಿಕಾರವೆಂದು ತಾವು ಕೇಳಬಹುದು. ವಿಷಯ ಮೋಟಾರಿನದೇ ಹೌದು. ಆದರೆ ಅದರಲ್ಲೊಂದು ವೇಷದ ಕಥೆ ಉಂಟು.

ಮೊದಮೊದಲಿನ ಅಂಬಾಸಡರ್, ಫಿಯಟ್ 1100 ಮುಂತಾದ ಕಾರುಗಳಲ್ಲಿ ಬ್ಯಾಟರಿಗೆ ಚಾರ್ಜು ತುಂಬುತ್ತಿದ್ದುದು ಡೈನಮೊ. ನೋಡಲು ಉದ್ದನೆಯ ಕಬ್ಬಿಣದ ಡಬ್ಬಿಯಂತೆ. ಒಳಗೆ ಆರ್ಮೇಚರ್ ತಿರುಗುತ್ತದೆ. ಅದರ ತುದಿಯ ತಾಮ್ರದ ಪಟ್ಟಿಗಳನ್ನು ಉಜ್ಜುವ ಕಾರ್ಬನ್ ಬ್ರಷ್ಷುಗಳು ವಿದ್ಯುತ್ತನ್ನು ಹೊರಕ್ಕೆ ತರುತ್ತವೆ. ಇಂಜಿನ್ ನಿಧಾನವಾಯಿತೆಂದರೆ ಡೈನಮೊ ಕೈಚೆಲ್ಲಿತು. ರಾತ್ರಿ ಗೌರಿಬಿದನೂರಿನ ಕಡೆ ರೈಲ್ವೆ ಗೇಟಿನ ಮುಂದೆ ಗಾಡಿ ನಿಂತಾಗ ದೀಪಗಳು ಕೆಂಪಗೆ ಮಂಕಾಗಿ, ಆಕ್ಸಿಲರೇಟರ್ ಒತ್ತಿದೊಡನೆ ಮತ್ತೆ ಬೆಳಗುತ್ತಿದ್ದುದು ಹಿರಿಯರಿಗೆ ನೆನಪಿದ್ದೀತು.

ಆಲ್ಟರ್ನೇಟರಿನಲ್ಲಿ ವ್ಯವಸ್ಥೆ ತಲೆಕೆಳಗು. ಅಯಸ್ಕಾಂತವೇ ನಡುವೆ ತಿರುಗುತ್ತದೆ, ವಿದ್ಯುತ್ತು ಹುಟ್ಟುವುದು ಸುತ್ತಲಿನ ಅಲುಗದ ಸುರುಳಿಗಳಲ್ಲಿ. ಅದನ್ನು ಒಮ್ಮುಖ ಮಾಡುವುದು ಸಿಲಿಕಾನ್ ಡಯೋಡು. ಅಮೆರಿಕದ ಕ್ರೈಸ್ಲರ್ ಕಂಪನಿ 1960ರ ವೇಲಿಯಂಟ್ ಕಾರಿಗೆ ಇದನ್ನೇ ಜೋಡಿಸಿತು. ಇಂಜಿನ್ ಮೆಲ್ಲಗೆ ಓಡುವಾಗಲೂ ಇದು ಚಾರ್ಜು ಕೊಡುತ್ತದೆ.

ಅದೇ ಅಮೆರಿಕದಲ್ಲಿ 1932ರ ಫೋರ್ಡಿನಂಥ ಹಳೆಯ ಕಾರನ್ನು ಹಿಡಿದು, ಇಂಜಿನ್ನಿನ ಕಸುವು ಹೆಚ್ಚಿಸಿ, ಹಲವೊಮ್ಮೆ ಬಾನೆಟ್ಟನ್ನೂ ಕಿತ್ತೊಗೆದು ಓಡಿಸುವ ಹುಚ್ಚುಂಟು. ಅದಕ್ಕೆ ಹಾಟ್ ರಾಡ್ ಎಂದು ಹೆಸರು. ಇಂಜಿನ್ ಹೀಗೆ ಬಟಾಬಯಲಾದ ಮೇಲೆ ಮೋಟುಮೋಟಾದ ಹೊಸ ಆಲ್ಟರ್ನೇಟರು, ರುಮಾಲಿನ ಹಿರಿಯರ ಸಾಲಿನಲ್ಲಿ ಪ್ಯಾಂಟು ತೊಟ್ಟ ಹುಡುಗನಂತೆ ಕಾಣದೆ? ಅದಕ್ಕಾಗಿ ಹಳೆಯ ಡೈನಮೊವಿನ ಆಕಾರದ ಡಬ್ಬಿಯೊಳಗೆ ಆಲ್ಟರ್ನೇಟರನ್ನು ಅಡಗಿಸುತ್ತಾರೆ. ರೆಗ್ಯುಲೇಟರಿನ ಪೆಟ್ಟಿಗೆ ಮಾತ್ರ ಇದ್ದಲ್ಲೇ ಇರುತ್ತದೆ. ಒಳಗೆ ತಂತಿಯ ಜೋಡಣೆ ಬಿಟ್ಟರೆ ಏನೂ ಇಲ್ಲ.

ಇದು ಮೋಸವೆ? ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿರುವಂತೆ ನಿಂತ ಕಾರಿಗೆ ಈ ವೇಷ ಅನಗತ್ಯವೆಂದೇ ನನ್ನ ಮತ. ಕತ್ತಲಲ್ಲಿ ನಂದಿಬೆಟ್ಟ ಇಳಿಯುವ ಕಾರಿಗೆ ದೀಪ ಪ್ರಾಣದ ಮಾತು. ನಮ್ಮೂರಿಗೆ ಬರುವ ಹಗಲುವೇಷದವರನ್ನು ಕಂಡು ಮೋಸಹೋದವರುಂಟೆ? ಬೃಹನ್ನಳೆಯ ವೇಷ ಬೇರೆ ಜಾತಿಯದು, ಅಲ್ಲಿ ಗುಟ್ಟೇ ಮುಖ್ಯ. ಆದರೂ ಬನ್ನಿಮರದ ಬಳಿ ಉತ್ತರನಿಗೆ ನಿಜ ತಿಳಿಸಿದ ಮೇಲೆಯೇ ಯುದ್ಧ ನಡೆದದ್ದು.

ಇಲ್ಲಿಯೂ ಹಾಗೆಯೇ. 1960ರ ದಶಕದ ನಡುವಿನವರೆಗೂ ಅನೇಕ ಬ್ರಿಟಿಷ್ ಮಾದರಿಯ ಕಾರುಗಳಲ್ಲಿ ಬ್ಯಾಟರಿಯ ಧನಧ್ರುವವನ್ನು ಚಾಸಿಗೆ ಕಟ್ಟುತ್ತಿದ್ದರು. ಸಾಮಾನ್ಯ ಆಲ್ಟರ್ನೇಟರಿಗೆ ಋಣಧ್ರುವ ಅಲ್ಲಿರಬೇಕು. ಶಿಡ್ಲಘಟ್ಟದಲ್ಲೋ ಚಿಂತಾಮಣಿಯಲ್ಲೋ ಒಬ್ಬ ಅನುಭವಸ್ಥ ಮೆಕ್ಯಾನಿಕ್ ಡಬ್ಬಿಯನ್ನು ನೋಡಿ ಡೈನಮೊವೆಂದೇ ನಂಬಿ, ಹಳೆಯ ಪದ್ಧತಿಯಂತೆ ಬ್ಯಾಟರಿ ಕಟ್ಟಿದರೆ ಡಯೋಡುಗಳು ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಆತನ ತಪ್ಪೇನು? ಬ್ಯಾಟರಿಯ ಪಕ್ಕದಲ್ಲಿ ಕನ್ನಡದಲ್ಲೇ ಒಂದು ಚೀಟಿ ಅಂಟಿಸಿರಬೇಕು. ಕಾರು ಮಾರುವಾಗ ಕೊಳ್ಳುವವರಿಗೂ ಬಾಯಿಬಿಟ್ಟು ಹೇಳಬೇಕು.

ಇನ್ನೊಂದು ಮಾತು. 50 ವರ್ಷ ದಾಟಿದ ವಾಹನಗಳ ವಿಂಟೇಜ್ ನೋಂದಣಿಗೆ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಮಾಡಿತು. ಚಾಸಿ, ಮೈಕಟ್ಟು, ಇಂಜಿನ್ ಮೂಲರೂಪದಲ್ಲಿರಬೇಕೆಂಬುದು ಅದರ ಷರತ್ತು. ಆದುದರಿಂದ ಕೈಹಾಕುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು. ಕಳಚಿದ ಡೈನಮೊವನ್ನು ಗುಜರಿಗೆ ಹಾಕದೆ, ಬೇರಿಂಗಿಗೆ ಎರಡು ತೊಟ್ಟು ಎಣ್ಣೆ ಬಿಟ್ಟು, ಗೋಣಿಯಲ್ಲಿ ಸುತ್ತಿ ತೇವ ತಾಕದ ಕಡೆ ಅಟ್ಟದ ಮೇಲಿಡಿ.