ಚಿತ್ತವಿಕಲತೆ: ಮುಚ್ಚಿಟ್ಟಷ್ಟೂ ಬೆಳೆಯುವ ರೋಗ



ಸ್ಕಿಜೋಫ್ರೇನಿಯಾ ಅಥವಾ ಚಿತ್ತವಿಕಲತೆಯು ಜಗತ್ತಿನಲ್ಲಿ ಸುಮಾರು 300 ಮಂದಿಗೆ ಒಬ್ಬರನ್ನು ಬಾಧಿಸುತ್ತಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಮೂಡಿಗೆರೆಯ ಪೇಟೆ ಮನೆಗಳಾಗಲಿ, ಕಳಸದ ತೋಟದ ಲೈನ್ ಮನೆಗಳಾಗಲಿ ಇದಕ್ಕೆ ಹೊರತಲ್ಲ. ಆದರೂ ಈ ರೋಗಿಗಳು ನಮ್ಮ ಕಣ್ಣಿಗೆ ಬೀಳುವುದು ಅಪರೂಪ. ಏಕೆಂದರೆ ನಾವು ಅವರನ್ನು ಒಳಕೋಣೆಯಲ್ಲಿಟ್ಟಿದ್ದೇವೆ.

ರೋಗವು ಹೆಚ್ಚಾಗಿ ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಹರೆಯದಲ್ಲಿ ತಲೆದೋರುತ್ತದೆ. ಚೆನ್ನಾಗಿ ಓದುತ್ತಿದ್ದ ಹುಡುಗ ಮೌನಿಯಾಗುತ್ತಾನೆ, ಸ್ನಾನ ಬಿಡುತ್ತಾನೆ, ಊಟದಲ್ಲಿ ವಿಷ ಬೆರೆಸಿದ್ದಾರೆಂದು ತಾಯಿಯನ್ನೇ ಶಂಕಿಸುತ್ತಾನೆ. ಯಾರೂ ಆಡದ ಮಾತು ಅವನಿಗೆ ಕೇಳಿಸುತ್ತದೆ. ಅವನು ನಟಿಸುತ್ತಿಲ್ಲ, ಆ ದನಿ ಅವನ ಪಾಲಿಗೆ ನನ್ನ ಈ ದನಿಯಷ್ಟೇ ಸತ್ಯ. ಆದ್ದರಿಂದ ವಾದಿಸಿ ಗೆಲ್ಲಲು ಹೋಗಬೇಡಿ, ಹೌದೆಂದು ತಲೆಯಾಡಿಸಲೂ ಬೇಡಿ. "ನನಗೆ ಕೇಳಿಸುತ್ತಿಲ್ಲ ಮಗಾ, ಆದರೆ ನಿನಗೆ ಭಯವಾಗಿದೆಯೆಂದು ಗೊತ್ತು" ಎಂದರೆ ಸಾಕು.

ಜಿನ್ನ್ ಬಾಧೆಯೆಂದು ನಂಬಿ ಊರೂರು ಅಲೆಯುವವರಿದ್ದಾರೆ. ಪ್ರಾರ್ಥನೆಯನ್ನು ಯಾರೂ ಬೇಡವೆನ್ನಲಾರರು. ಕೈರೋದ ಮನ್ಸೂರಿ ಆಸ್ಪತ್ರೆಯಲ್ಲಿ 13ನೇ ಶತಮಾನದಲ್ಲಿಯೇ ಮನೋರೋಗಿಗಳಿಗೆ ಪ್ರತ್ಯೇಕ ವಿಭಾಗವಿತ್ತೆಂಬುದನ್ನೂ ನೆನೆಯಿರಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ದರ್ಗಾದ ಸಮೀಪದ ಖಾಸಗಿ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದಾಗ 28 ಮಂದಿ ರೋಗಿಗಳು ಬಲಿಯಾದರು. ಸರಪಳಿಯಿಂದ ಬಿಗಿಯಲ್ಪಟ್ಟಿದ್ದವರಿಗೆ ಓಡುವ ದಾರಿಯಿರಲಿಲ್ಲ. ಅವರನ್ನು ಅಲ್ಲಿಗೆ ತಂದು ಬಿಟ್ಟವರು ವೈರಿಗಳಲ್ಲ, ಮನೆಯವರೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಗೆ ಸರಪಳಿ ತೊಡಿಸುವುದನ್ನು ನಿಷೇಧಿಸಿದೆ.

ಹಾಗಾದರೆ ಔಷಧದಿಂದ ಫಲವಿದೆಯೇ? ನಮ್ಮ ನೆರೆಯ ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸ್ ವೈದ್ಯರು ಈ ರೋಗಿಗಳನ್ನು ಗುರುತಿಸಿ, ಅವರ ಊರಿನ ಬಳಿಯೇ ಚಿಕಿತ್ಸೆ ಕೊಟ್ಟು, ಒಂದು ವರ್ಷದ ಬಳಿಕ ಪರೀಕ್ಷಿಸಿದರು. ಔಷಧ ಪಡೆದವರ ಅಸಾಮರ್ಥ್ಯ ಗಣನೀಯವಾಗಿ ತಗ್ಗಿತ್ತು; ಔಷಧವಿಲ್ಲದೆ ಉಳಿದವರು ಇದ್ದಲ್ಲಿಯೇ ಇದ್ದರು. ಅದೇ ಮಲೆನಾಡು, ಅದೇ ಮಳೆ, ನಮ್ಮಂಥವೇ ಮನೆಗಳು.

ತೊಡಕಿರುವುದು ಔಷಧ ಆರಂಭಿಸುವುದಕ್ಕಿಂತ ಮುಂದುವರಿಸುವುದರಲ್ಲಿ. ರೋಗಿ ನಗತೊಡಗಿದೊಡನೆ ಮನೆಯವರು ಮಾತ್ರೆ ನಿಲ್ಲಿಸುತ್ತಾರೆ, ಕೆಲವು ತಿಂಗಳಲ್ಲಿ ರೋಗ ಮರುಕಳಿಸುತ್ತದೆ. ಕೈ ನಡುಕ, ಸ್ನಾಯು ಬಿಗಿತ, ಅತಿ ನಿದ್ದೆ, ತೂಕದ ಏರಿಕೆ ಮುಂತಾದ ಅಡ್ಡಪರಿಣಾಮಗಳಿರುವುದು ನಿಜ. ಅವನ್ನು ವೈದ್ಯರಿಗೆ ತಿಳಿಸಿದರೆ ಪ್ರಮಾಣವನ್ನೋ ಔಷಧವನ್ನೋ ಬದಲಿಸುತ್ತಾರೆ. ಮಾತ್ರೆ ನುಂಗಲು ಒಲ್ಲದವರಿಗೆ ಕೆಲವು ವಾರಗಳಿಗೊಮ್ಮೆ ಕೊಡುವ ಚುಚ್ಚುಮದ್ದೂ ಇದೆ. ರಮಝಾನಿನಲ್ಲಿ ತಾವಾಗಿಯೇ ಮಾತ್ರೆ ಬಿಡುವವರುಂಟು. ರೋಗಿಗೆ ಉಪವಾಸದಿಂದ ರಿಯಾಯಿತಿ ಇದೆ. ಉಪವಾಸ ಹಿಡಿಯಲೇಬೇಕೆಂದರೆ ಇಫ್ತಾರ್ ಮತ್ತು ಸಹರಿಯ ವೇಳೆಗೆ ಔಷಧವನ್ನು ಹೊಂದಿಸಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಿ. ಕಳಸದ ಕಡೆಯವರಿಗೆ ಇನ್ನೊಂದು ಮಾತು: ಹೆಬ್ಬಾಳೆ ಸೇತುವೆ ಮುಳುಗಿದ ಮೇಲೆ ಮಾತ್ರೆ ಹುಡುಕಿ ಫಲವಿಲ್ಲ. ಮೇ ತಿಂಗಳಲ್ಲಿಯೇ ಮಳೆಗಾಲಕ್ಕೆ ಸಾಕಾಗುವಷ್ಟು ಬರೆಸಿಕೊಳ್ಳಿ.

"ಮದುವೆ ಮಾಡಿದರೆ ಸರಿಹೋಗುತ್ತಾನೆ" ಎಂಬ ಹಿರಿಯರ ಸಲಹೆಯಿದೆಯಲ್ಲ, ಅದಕ್ಕಿಂತ ಕ್ರೂರವಾದ ಸಲಹೆ ಇನ್ನೊಂದಿಲ್ಲ. ಗುಟ್ಟು ರಟ್ಟಾದೀತೆಂದು ಮಾತ್ರೆ ನಿಲ್ಲಿಸಲಾಗುತ್ತದೆ, ರೋಗ ಕೆರಳುತ್ತದೆ, ಏನೂ ಅರಿಯದ ಹೆಣ್ಣುಮಗಳ ಮೇಲೆ ಕಾಲ್ಗುಣದ ಅಪವಾದ ಬೀಳುತ್ತದೆ. ಔಷಧದಿಂದ ಸ್ಥಿಮಿತಕ್ಕೆ ಬಂದವರು ವಿವಾಹವಾಗಬಾರದೆಂದು ನಾನು ಹೇಳುತ್ತಿಲ್ಲ. ಎದುರಿನ ಕುಟುಂಬಕ್ಕೆ ವಿಷಯ ತಿಳಿಸಿ, ಆಮೇಲೆ ನಿಕಾಹ್ ಮಾಡಿ.

ರಾಜ್ಯದ ಮನೋಚೈತನ್ಯ ಕಾರ್ಯಕ್ರಮ 2014ರಲ್ಲಿ ಆರಂಭವಾಯಿತು. ಮನೋವೈದ್ಯರು ನಿಗದಿತ ಮಂಗಳವಾರ ತಾಲೂಕು ಆಸ್ಪತ್ರೆಗೆ ಬಂದು ರೋಗಿಗಳನ್ನು ನೋಡುವ ಯೋಜನೆಯಿದು. ನಿಮ್ಮ ತಾಲೂಕಿಗೆ ಯಾವ ಮಂಗಳವಾರವೆಂದು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ. ಹೊರಗೆ ಬಾಯಿಬಿಡಲು ಸಂಕೋಚವಿದ್ದರೆ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.