ಕಡತ ಎಲ್ಲಿ ಹೋಯಿತು?



ಶಿರಸಿ–ಸಿದ್ದಾಪುರ ರಸ್ತೆಯ ಕಾನಸೂರಿನಲ್ಲಿ ಒಬ್ಬ ವಿದ್ಯಾರ್ಥಿನಿ ಇದ್ದಾಳೆಂದು ಭಾವಿಸೋಣ. ಅಡಿಕೆ ತೋಟದ ಬಗ್ಗೆ ಹತ್ತು ಪುಟಗಳ ಪ್ರಬಂಧವನ್ನು ನೆರೆಮನೆಯ ಕಂಪ್ಯೂಟರಿನಲ್ಲಿ ಕೂತು ಆಕೆ ಬೆರಳಚ್ಚು ಮಾಡಿದ್ದಾಳೆ. ಡೆಸ್ಕ್‌ಟಾಪಿನ ಮೇಲೆ ಅದರ ಪುಟ್ಟ ಚಿತ್ರ ಕಾಣುತ್ತಿತ್ತು. ಅದನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡು, ಬೆಳಗಿನ ಬಸ್ಸು ಹಿಡಿದು ಶಿರಸಿಯ ಕಾಲೇಜಿಗೆ ಬಂದಳು. ಅಲ್ಲಿಯ ಕಂಪ್ಯೂಟರಿನಲ್ಲಿ ಹೆಸರೇನೋ ಕಾಣಿಸಿತು. ಪ್ರಬಂಧ ಮಾತ್ರ ತೆರೆಯಲಿಲ್ಲ. ಸಲ್ಲಿಸಲು ಅಂದೇ ಕೊನೆಯ ದಿನ. ವೈರಸ್ ಬಂದಿದೆ ಎಂದ ಒಬ್ಬ; ಪೆನ್‌ಡ್ರೈವ್ ಹಾಳಾಗಿದೆ ಎಂದ ಇನ್ನೊಬ್ಬ.

ಎರಡೂ ಅಲ್ಲ. ಆ ಚಿತ್ರದ ಎಡಭಾಗದ ಕೆಳಮೂಲೆಯಲ್ಲಿ ಒಂದು ಸಣ್ಣ ಬಾಣದ ಗುರುತಿತ್ತು. ಬಾಣವಿದ್ದರೆ ಅದು ಕಡತವಲ್ಲ, ಕಡತಕ್ಕೆ ದಾರಿ ತೋರಿಸುವ ‘ಶಾರ್ಟ್‌ಕಟ್’. ಕೂಡುರಸ್ತೆಯಲ್ಲಿ ‘ಕಾನಸೂರು’ ಎಂದು ಬರೆದ ಕೈಮರವನ್ನು ನೋಡಿದ್ದೀರಿ. ಆ ಕೈಮರವನ್ನು ಕಿತ್ತು ಬಸ್ಸಿನಲ್ಲಿ ಹಾಕಿಕೊಂಡು ಬಂದರೆ ಊರು ಹಿಂದೆ ಬರುತ್ತದೆಯೇ? ಪ್ರಬಂಧ ನೆರೆಮನೆಯಲ್ಲೇ ಕ್ಷೇಮವಾಗಿದೆ. ಅದನ್ನು ತರಿಸುವ ಉಪಾಯವನ್ನು ಕೊನೆಯಲ್ಲಿ ಹೇಳುತ್ತೇನೆ.

ಇಂಥ ಪೇಚಾಟ ಇಂದಿನ ವಿದ್ಯಾರ್ಥಿಗಳಲ್ಲಿ ಹೆಚ್ಚು. ಅದು ಬುದ್ಧಿಯ ಕೊರತೆಯಲ್ಲ. ನಿಮ್ಮಲ್ಲಿ ಬಹುಮಂದಿ ಮೊದಲು ಹಿಡಿದದ್ದು ಮೊಬೈಲ್ ಫೋನನ್ನು. ಫೋಟೋ ತೆಗೆದರೆ ಅದು ಎಲ್ಲೋ ಸೇರಿಕೊಳ್ಳುತ್ತದೆ, ಬೇಕಾದಾಗ ಕಾಣಿಸುತ್ತದೆ. ಎಲ್ಲಿದೆ ಎಂದು ಫೋನು ನಿಮ್ಮನ್ನು ಕೇಳುವುದೇ ಇಲ್ಲ. ಮೇಜಿನ ಮೇಲಿನ ಕಂಪ್ಯೂಟರ್ ಹಾಗಲ್ಲ. ಏನು ಹೆಸರು, ಎಲ್ಲಿ ಇಡಲಿ ಎಂದು ಅದು ಕೇಳುತ್ತದೆ. ಉತ್ತರ ಕೊಡದೆ ‘ಸೇವ್’ ಒತ್ತಿದರೆ ತನಗೆ ತೋಚಿದಲ್ಲಿ ಇಟ್ಟುಕೊಳ್ಳುತ್ತದೆ. ಅಂತರಜಾಲದಿಂದ ಇಳಿಸಿಕೊಂಡದ್ದೆಲ್ಲ ಸಾಮಾನ್ಯವಾಗಿ ‘ಡೌನ್‌ಲೋಡ್ಸ್’ ಎಂಬ ಕೋಣೆಯಲ್ಲಿ ಬಿದ್ದಿರುತ್ತದೆ.

ಈ ವ್ಯವಸ್ಥೆ ಹುಟ್ಟಿದ ಬಗೆ ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. 1968ರ ಡಿಸೆಂಬರ್ 9ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ ಎಂಬ ವಿಜ್ಞಾನಿ ಮೌಸ್ ಹಿಡಿದು ತೆರೆಯ ಮೇಲೆ ಕೆಲಸ ಮಾಡುವುದನ್ನು ಜನರೆದುರು ತೋರಿಸಿದರು. 1981ರಲ್ಲಿ ಝೆರಾಕ್ಸ್ ಕಂಪನಿಯ ‘ಸ್ಟಾರ್’ ಎಂಬ ಯಂತ್ರ ತೆರೆಯನ್ನೇ ಕಚೇರಿಯ ಮೇಜಿನಂತೆ ಚಿತ್ರಿಸಿತು. ಮೇಜು, ಕಡತ, ಕಡತಗಳನ್ನಿಡುವ ಫೋಲ್ಡರ್, ಎಲ್ಲವೂ ಬಂದದ್ದು ಅಲ್ಲಿಯ ಕಚೇರಿಗಳಿಂದ. ನಮ್ಮ ತಾಲ್ಲೂಕು ಕಚೇರಿಯ ಬಟ್ಟೆ ಸುತ್ತಿದ ಕಂತೆಗಳನ್ನು ಕಂಡವರಿಗೆ ಇದು ಹೊಸದೇನೂ ಅಲ್ಲ. ಯಾವ ಬೀರು, ಯಾವ ಕಂತೆ, ಯಾವ ಕಾಗದ ಎಂದು ಹೇಳಬಲ್ಲ ಗುಮಾಸ್ತರಿದ್ದರೆ ಕೆಲಸ ಆಯಿತು. ಇಲ್ಲಿ ಆ ಗುಮಾಸ್ತರು ನೀವೇ.

ಆದ್ದರಿಂದ ಮೊದಲ ಅಭ್ಯಾಸ ಹೀಗಿರಲಿ. ವಿಂಡೋಸ್ ಕೀಲಿಯನ್ನು ಅದುಮಿ ‘ಇ’ ಒತ್ತಿ. ‘ಫೈಲ್ ಎಕ್ಸ್‌ಪ್ಲೋರರ್’ ತೆರೆಯುತ್ತದೆ. ‘ಡಾಕ್ಯುಮೆಂಟ್ಸ್’ ಒಳಗೆ ನಿಮ್ಮ ಹೆಸರಿನ ಫೋಲ್ಡರ್, ಅದರೊಳಗೆ ವಿಷಯಕ್ಕೊಂದು ಫೋಲ್ಡರ್ ಮಾಡಿಕೊಳ್ಳಿ. ಚಾಲಿ, ರಾಶಿ, ಬೆಟ್ಟೆಗಳನ್ನು ನಿಮ್ಮ ಮನೆಯವರು ಒಂದೇ ಚೀಲಕ್ಕೆ ತುಂಬುತ್ತಾರೆಯೇ? ಕಡತಕ್ಕೆ ‘ಹೊಸದು’, ‘ಕೊನೆಯದು’, ‘ಕೊನೆಯದು 2’ ಎಂದು ಹೆಸರಿಡುವವರನ್ನು ಕಂಡಿದ್ದೇನೆ. ವರ್ಷದ ಬಳಿಕ ಅವರಿಗೇ ಗುರುತು ಸಿಗುವುದಿಲ್ಲ. ವಿಷಯ ಮತ್ತು ತಾರೀಖು ಹಾಕಿ.

ಎರಡನೆಯದು ಮಲೆನಾಡಿನವರಿಗೆ ವಿಶೇಷವಾಗಿ ಹೇಳಬೇಕಾದ ಮಾತು. ನೀವು ಬೆರಳಚ್ಚು ಮಾಡುತ್ತಿರುವಾಗ ಅಕ್ಷರಗಳು ಇರುವುದು ತಾತ್ಕಾಲಿಕ ಸ್ಮೃತಿಯಲ್ಲಿ. ಕರೆಂಟ್ ಹೋದರೆ ಅದು ಬರಿದಾಗುತ್ತದೆ. ‘ಕಂಟ್ರೋಲ್’ ಮತ್ತು ‘ಎಸ್’ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಮಾತ್ರ ಅದು ಡಿಸ್ಕಿಗೆ ಇಳಿಯುತ್ತದೆ. ತಾನಾಗಿಯೇ ಉಳಿಸಿಕೊಳ್ಳುವ ತಂತ್ರಾಂಶಗಳು ಈಗ ಉಂಟು. ಆಷಾಢದ ಗಾಳಿಮಳೆಯಲ್ಲಿ ಅವನ್ನೇ ನೆಚ್ಚಿಕೊಂಡು ಕೂರಬೇಡಿ. ತಪ್ಪಾಗಿ ಏನಾದರೂ ಅಳಿಸಿಹೋದರೆ ಗಾಬರಿಯಿಂದ ಕಿಟಕಿ ಮುಚ್ಚದೆ ‘ಕಂಟ್ರೋಲ್’ ಮತ್ತು ‘ಝಡ್’ ಒತ್ತಿ. ಮಾಡಿದ್ದು ಹಿಂದಕ್ಕೆ ಹೋಗುತ್ತದೆ. ಕಂಪ್ಯೂಟರಿನೊಳಗಿನ ಕಡತವನ್ನು ಅಳಿಸಿದರೆ ಸಾಮಾನ್ಯವಾಗಿ ಅದು ‘ರಿಸೈಕಲ್ ಬಿನ್’ನಲ್ಲಿ ಸಿಗುತ್ತದೆ. ಪೆನ್‌ಡ್ರೈವಿನಿಂದ ಅಳಿಸಿದ್ದು ಅಲ್ಲಿಗೆ ಹೋಗುವುದಿಲ್ಲ, ನೆನಪಿರಲಿ.

‘ಸರ್, ಯಾವ ಗುಂಡಿ ಒತ್ತಬೇಕು?’ ಎಂದು ಕೇಳಿ ಬರೆದುಕೊಳ್ಳುವ ರೂಢಿ ನಮ್ಮಲ್ಲಿದೆ. ಗುಂಡಿಯ ಜಾಗ ಬಾಯಿಪಾಠ ಮಾಡಿದರೆ ಎಷ್ಟು ದಿನ ಬಂದೀತು? 1995ರ ವಿಂಡೋಸ್‌ನಲ್ಲಿ ‘ಸ್ಟಾರ್ಟ್’ ಗುಂಡಿ ಎಡಗಡೆಯ ಕೆಳಮೂಲೆಯಲ್ಲಿತ್ತು. 2012ರ ವಿಂಡೋಸ್ 8ರಲ್ಲಿ ಅದನ್ನು ತೆಗೆದೇ ಹಾಕಿದರು, ಮರುವರ್ಷ ತಂದಿಟ್ಟರು, 2021ರ ವಿಂಡೋಸ್ 11ರಲ್ಲಿ ನಡುವಿಗೆ ಸರಿಸಿದರು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳನ್ನು ನೋಡಿ. ಕೇರಳದ ಶಾಲೆಗಳಲ್ಲಿ ಕಲಿಸುವುದು ಲಿನಕ್ಸ್. ಅಲ್ಲಿಯೂ ಕಡತ, ಫೋಲ್ಡರ್, ಕಿಟಕಿ ಇವೇ. ಜಾಗ ನೆನಪಿಡುವ ಬದಲು ತೆರೆಯನ್ನು ಓದಿ. ಪಟ್ಟಿಯಲ್ಲಿ ಒಂದು ಪದ ಮಸುಕಾಗಿದ್ದರೆ ಆ ಕೆಲಸ ಈಗ ಆಗದು ಎಂದರ್ಥ. ಏನನ್ನೂ ನಕಲು ಮಾಡಿಕೊಳ್ಳದಿದ್ದಾಗ ‘ಪೇಸ್ಟ್’ ಮಸುಕಾಗಿರುವುದು ಹೀಗೆ. ಪದದ ಮುಂದೆ ಮೂರು ಚುಕ್ಕಿಗಳಿದ್ದರೆ, ಒತ್ತಿದ ಮೇಲೆ ಅದು ಇನ್ನೇನೋ ಕೇಳಲಿದೆ ಎಂದರ್ಥ. ಮುಚ್ಚುವಾಗ ‘ಉಳಿಸಲೇ, ಬೇಡವೇ?’ ಎಂಬ ಪೆಟ್ಟಿಗೆ ಬಂದರೆ ಪೂರ್ತಿ ಓದಿ ಒತ್ತಿ. ಆ ಒಂದು ಸಾಲು ಓದದೆ ಒಂದು ಸಂಜೆಯ ದುಡಿಮೆ ಕಳೆದುಕೊಂಡವರು ಬಹಳ.

ಕನ್ನಡದ ಮಾತು ಬೇರೆಯೇ ಇದೆ. ಮೊದಲಿನ ಅಕ್ಷರವಿನ್ಯಾಸಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದರು. ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಪ್ರಬಂಧವೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. ಯೂನಿಕೋಡ್ ವ್ಯವಸ್ಥೆಯಲ್ಲಿ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ. ‘ಕ’ ಎಂಬುದು ಜಗತ್ತಿನ ಯಾವ ಮೂಲೆಯಲ್ಲೂ 3221. ಆದ್ದರಿಂದ ‘ನುಡಿ’ಯಲ್ಲೋ ‘ಬರಹ’ದಲ್ಲೋ ಬರೆಯುವಾಗ ಯೂನಿಕೋಡ್ ಆಯ್ದುಕೊಳ್ಳಿ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಒಂದು ವಾರ ಅಭ್ಯಾಸ ಮಾಡಿದರೆ ಬೆರಳು ತಾನೇ ಓಡುತ್ತದೆ. ವಿಂಡೋಸ್‌ನಲ್ಲೇ ಕನ್ನಡ ಕೀಲಿಮಣೆ ಸೇರಿಸಿಕೊಂಡವರು, ವಿಂಡೋಸ್ ಕೀಲಿಯೊಂದಿಗೆ ಸ್ಪೇಸ್ ಒತ್ತಿ ಭಾಷೆ ಬದಲಿಸಬಹುದು.

ಈಗ ನಮ್ಮ ವಿದ್ಯಾರ್ಥಿನಿಯ ಬಳಿ ಹೋಗೋಣ. ಆಕೆ ನೆರೆಮನೆಗೆ ಫೋನ್ ಮಾಡಲಿ. ‘ಅಕ್ಕಾ, ಡೆಸ್ಕ್‌ಟಾಪಿನ ಮೇಲೆ ನನ್ನ ಪ್ರಬಂಧದ ಹೆಸರಿದೆ, ಅದರ ಮೇಲೆ ಮೌಸಿನ ಬಲಗುಂಡಿ ಒತ್ತು. ‘ಓಪನ್ ಫೈಲ್ ಲೊಕೇಶನ್’ ಅಂತ ಇದೆ, ಅದನ್ನು ಆರಿಸು. ಈಗ ಕಾಣುವುದಕ್ಕೆ ಬಾಣ ಇದೆಯಾ? ಇಲ್ಲವಲ್ಲ? ಹಾಗಾದರೆ ಅದನ್ನೇ ನನ್ನ ಇ-ಮೇಲಿಗೆ ಕಳಿಸು.’ ಕಾನಸೂರಿನಲ್ಲಿ ಕರೆಂಟ್ ಇದ್ದರೆ ಹತ್ತು ನಿಮಿಷದ ಕೆಲಸ.